ಸಕ್ಕರೆಯಿಂದ ಹೃದಯದವರೆಗೆ

ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದಾರೆಯೇ? ಈ ಹಳೆಯ ಕಥೆ ನಿಮಗೇ.

1922ರ ಜನವರಿಯಲ್ಲಿ ಟೊರಾಂಟೋದಲ್ಲಿ 14ರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಅಲ್ಲಿಯವರೆಗೆ ಸಕ್ಕರೆ ಕಾಯಿಲೆಯ ಎಷ್ಟೋ ಮಂದಿ ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ಆಮೇಲೆ ಬದುಕಿದರು, ವಯಸ್ಸಾದರು. ಆಗ ಹೃದಯ ಕೈಕೊಡತೊಡಗಿತು.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಅಧ್ಯಯನದಲ್ಲಿ 5,209 ಜನರಿದ್ದರು. 1979ರಲ್ಲಿ ವೈದ್ಯರು ಲೆಕ್ಕ ಒಪ್ಪಿಸಿದರು: ಸಕ್ಕರೆ ಕಾಯಿಲೆಯವರಿಗೆ ಹೃದಯ, ರಕ್ತನಾಳದ ರೋಗ ಎರಡು-ಮೂರು ಪಟ್ಟು ಹೆಚ್ಚು. ಹೆಂಗಸರಿಗೆ ಹೃದ್ರೋಗ ಕಡಿಮೆ ಎಂಬ ನಂಬಿಕೆಯೂ ಸಕ್ಕರೆಯ ಮುಂದೆ ನಿಲ್ಲಲಿಲ್ಲ. (ಅಜ್ಜಿಯರನ್ನು ಇಸಿಜಿಗೆ ಕರೆದೊಯ್ಯುವವರು ಎಷ್ಟು ಮಂದಿ, ಹೇಳಿ?)

ನರಗಳು ಮಂದವಾದವರಿಗೆ ಎದೆನೋವೇ ಬಾರದಿರಬಹುದು. ಬರೀ ಏದುಸಿರು, ಬೆವರು, ಸುಸ್ತು. ಅಮ್ಮ "ಗ್ಯಾಸ್ ಕಣೋ" ಎಂದರೆ ಸುಮ್ಮನಾಗಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.