ರಾಶಿ (1040–1105)

ಯೆಹೂದ್ಯರ ಧರ್ಮಶಾಸ್ತ್ರಗ್ರಂಥ ತಾಲ್ಮುದ್‌ಗೆ ಅತ್ಯಂತ ಹೆಚ್ಚು ಓದಲ್ಪಡುವ ವ್ಯಾಖ್ಯಾನ ಬರೆದ ಫ್ರಾನ್ಸ್‌ನ ವಿದ್ವಾಂಸ. ಪೂರ್ಣ ಹೆಸರು ರಬ್ಬಿ ಶ್ಲೋಮೊ ಯಿತ್ಸ್‌ಹಾಕಿ. ಅದರ ಮೊದಲಕ್ಷರಗಳು ಕೂಡಿ ‘ರಾಶಿ’ ಎಂದಾಯಿತು.

ಈತ ಹುಟ್ಟಿದ್ದು ಶಾಂಪೇನ್ ಪ್ರಾಂತದ ಟ್ರ್ವಾ ಪಟ್ಟಣದಲ್ಲಿ. ರೈನ್ ನದಿಯ ದಂಡೆಯ ಮೈನ್ಸ್ ಮತ್ತು ವೋರ್ಮ್ಸ್ ಆಗ ಯೆಹೂದ್ಯ ವಿದ್ಯೆಯ ನೆಲೆಗಳು. ಅಲ್ಲಿ ಯಾಕೋವ್ ಬೆನ್ ಯಾಕರ್ ಮೊದಲಾದ ಗುರುಗಳಲ್ಲಿ ಕಲಿತು, ಊರಿಗೆ ಮರಳಿ, ಸುಮಾರು 1070ರಲ್ಲಿ ಪಾಠಶಾಲೆ ತೆರೆದ.

ಬ್ಯಾಬಿಲೋನಿಯದ ತಾಲ್ಮುದ್ ಹೀಬ್ರೂ, ಅರಮಾಯಿಕ್ ಭಾಷೆಗಳು ಬೆರೆತ ವಾದಸಂಗ್ರಹ. ವಾಕ್ಯ ಎಲ್ಲಿ ಮುಗಿಯಿತು, ಯಾವುದು ಆಕ್ಷೇಪ, ಯಾವುದು ಸಮಾಧಾನ ಎಂದು ತೋರಿಸುವ ಗುರುತುಗಳು ಅದರಲ್ಲಿಲ್ಲ. ಹೀಗಾಗಿ ಗುರು ಪಕ್ಕದಲ್ಲಿಲ್ಲದೆ ಅದು ಬಿಡಿಸಲಾಗದ ಒಗಟು. ವಿದ್ಯಾರ್ಥಿ ತೊಡಕುವ ಜಾಗವನ್ನು ರಾಶಿ ಮೊದಲೇ ಗುರುತಿಸಿದ. ಅಲ್ಲಿ ಬಿಟ್ಟುಹೋದ ಪದ ತುಂಬಿದ, ಇದು ಪ್ರಶ್ನೆ ಎಂದು ಸೂಚಿಸಿದ, ನಕಲುಗಾರರ ತಪ್ಪು ತಿದ್ದಿದ. ಹೆಚ್ಚಿನ ಕಡೆ ನಾಲ್ಕೈದು ಪದಗಳಲ್ಲೇ ಕೆಲಸ ಮುಗಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದ: ತಾನು ಬರೆದ ಬೈಬಲ್ ಟೀಕೆಯಲ್ಲಿ, ಆದಿಕಾಂಡ 28:5ರಲ್ಲಿ ರೆಬೆಕ್ಕಳನ್ನು ‘ಯಾಕೋಬ, ಏಸಾವರ ತಾಯಿ’ ಎಂದು ಹೇಳಿರುವುದರ ಉದ್ದೇಶ ತನಗೆ ತಿಳಿಯದೆಂದು ಒಪ್ಪಿದ್ದಾನೆ.

ಹೀಬ್ರೂವಿನಲ್ಲಿ ವಿವರಿಸಲು ಕಷ್ಟವಾದ ಹತಾರ, ಗಿಡ, ಬಟ್ಟೆಗಳಿಗೆ ಊರಿನ ಫ್ರೆಂಚ್ ಮಾತನ್ನೇ ಹೀಬ್ರೂ ಲಿಪಿಯಲ್ಲಿ ಬರೆದ. ಇಂಥ ಸಾವಿರಾರು ಪದಗಳು 11ನೇ ಶತಮಾನದ ಫ್ರೆಂಚ್‌ಗೆ ಅಮೂಲ್ಯ ಆಧಾರ. 19ನೇ ಶತಮಾನದಲ್ಲಿ ಭಾಷಾಶಾಸ್ತ್ರಜ್ಞ ಆರ್ಸೆನ್ ದಾರ್ಮೆಸ್ತೆತೆರ್ ಅವನ್ನು ಹಸ್ತಪ್ರತಿಗಳಿಂದ ಹುಡುಕಿ ಕಲೆಹಾಕಿದ.

1096ರಲ್ಲಿ ಮೊದಲ ಕ್ರೂಸೇಡ್‌ಗೆ ಹೊರಟ ಗುಂಪುಗಳು ಮೈನ್ಸ್, ವೋರ್ಮ್ಸ್‌ಗಳ ಯೆಹೂದ್ಯರನ್ನು ಕೊಂದವು. ರಾಶಿ ಕಲಿತ ನೆಲೆಗಳೇ ನೆಲಕಚ್ಚಿದವು. ಆ ಪರಂಪರೆಯ ಪಾಠಕ್ರಮ ಉಳಿಯುವಲ್ಲಿ ಈ ವ್ಯಾಖ್ಯಾನದ ಪಾತ್ರ ದೊಡ್ಡದು.

ಯೋಹೆವೆದ್, ಮಿರಿಯಮ್, ರಾಹೆಲ್ ಈತನ ಮೂವರು ಹೆಣ್ಣುಮಕ್ಕಳು. ತಾಲ್ಮುದ್‌ನ ‘ಮಕ್ಕೋತ್’ ಭಾಗದ ಅಪೂರ್ಣ ವ್ಯಾಖ್ಯಾನವನ್ನು ಅಳಿಯ ಯೆಹೂದಾ ಬೆನ್ ನಾತಾನ್, ‘ಬಾವಾ ಬತ್ರಾ’ದ್ದನ್ನು ಮೊಮ್ಮಗ ರಶ್ಬಮ್ ಮುಗಿಸಿದರು. ಮನೆಯವರ ಗೌರವ ಅವರ ಪ್ರಶ್ನೆಗಳನ್ನು ತಡೆಯಲಿಲ್ಲ. ಸಮಯ ಸಿಕ್ಕಿದ್ದರೆ ಶಬ್ದಾರ್ಥಕ್ಕೆ ಇನ್ನಷ್ಟು ಹತ್ತಿರವಾದ ಹೊಸ ಬೈಬಲ್ ಟೀಕೆ ಬರೆಯಬೇಕಿತ್ತೆಂದು ತಾತ ತನ್ನೊಡನೆ ಒಪ್ಪಿಕೊಂಡದ್ದನ್ನು ರಶ್ಬಮ್ ದಾಖಲಿಸಿದ್ದಾನೆ. ಇನ್ನೊಬ್ಬ ಮೊಮ್ಮಗ ರಬ್ಬೇನು ತಾಮ್ ಹಲವೆಡೆ ತಾತನನ್ನು ಖಂಡಿಸಿದ. ಪ್ರಾರ್ಥನೆಯಲ್ಲಿ ಕಟ್ಟಿಕೊಳ್ಳುವ ತೆಫಿಲಿನ್ ಪೆಟ್ಟಿಗೆಯೊಳಗಿನ ನಾಲ್ಕು ಪಾಠಗಳ ಅನುಕ್ರಮದಲ್ಲೂ ಇಬ್ಬರದು ಬೇರೆ ಮತ. ರಾಶಿಯ ಕ್ರಮವೇ ರೂಢಿಯಲ್ಲಿದ್ದರೂ ಎರಡೂ ಬಗೆಯನ್ನು ಧರಿಸುವವರು ಇಂದಿಗೂ ಇದ್ದಾರೆ. ಇಂಥ ಚರ್ಚೆಗಳೇ ‘ತೋಸಾಫೋತ್’ ಎಂಬ ಟಿಪ್ಪಣಿಸಾಹಿತ್ಯವಾಗಿ ಬೆಳೆದವು.

ಪ್ರಕಟಣೆಯ ದಿನಾಂಕ ಹೊತ್ತ ಮೊದಲ ಹೀಬ್ರೂ ಮುದ್ರಿತ ಪುಸ್ತಕ ಎಂದು ತಿಳಿದಿರುವುದು 1475ರಲ್ಲಿ ಇಟಲಿಯ ರೆಜೊ ಕಲಾಬ್ರಿಯದಲ್ಲಿ ಅಚ್ಚಾದ ರಾಶಿಯ ಬೈಬಲ್ ಟೀಕೆ. ಅದರ ಅಕ್ಷರಶೈಲಿ ‘ರಾಶಿ ಲಿಪಿ’ ಎಂದು ಹೆಸರಾಯಿತು. ಆದರೆ ಅದು ಸ್ಪೇನ್‌ನ ಯೆಹೂದ್ಯರ ಬರವಣಿಗೆ, ರಾಶಿ ಬಳಸಿದ್ದಲ್ಲ. 1520ರ ದಶಕದ ಆರಂಭದಲ್ಲಿ ವೆನಿಸ್‌ನ ಡೇನಿಯಲ್ ಬಾಂಬರ್ಗ್ ಮುದ್ರಿಸಿ ಮುಗಿಸಿದ ತಾಲ್ಮುದ್‌ನಲ್ಲಿ ಮೂಲ ನಡುವೆ, ರಾಶಿ ಹೊಲಿಗೆಯ ಕಡೆಗೆ, ತೋಸಾಫೋತ್ ಹೊರಅಂಚಿಗೆ. ತಾತನ ಅರ್ಥವೂ ಮೊಮ್ಮಕ್ಕಳ ತಕರಾರೂ ಎದುರುಬದುರಾಗಿ ನಿಂತ ಈ ಪುಟವಿನ್ಯಾಸವೇ ಇಂದಿನ ಸಾಂಪ್ರದಾಯಿಕ ಆವೃತ್ತಿಗಳಲ್ಲೂ ಮುಂದುವರಿದಿದೆ.