ತಿಂಗಳ ಲೆಕ್ಕದ ಗೋಧಿ

ಅರವತ್ತರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಕೊಡುತ್ತಿದ್ದ ಗೋಧಿ ಉಪ್ಪಿಟ್ಟು ಅಮೆರಿಕದ್ದು. ಚೀಲದ ಮೇಲೆ ಕೈಕುಲುಕುವ ಎರಡು ಕೈಗಳ ಚಿತ್ರವಿರುತ್ತಿತ್ತು. ಆ ಅನ್ನದ ಋಣ ನನ್ನ ಮೇಲಿದೆ. ಆದರೆ ಕೈಕುಲುಕಿದ ಕೈಯೇ ಜುಟ್ಟನ್ನೂ ಹಿಡಿದಿತ್ತು.

ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಸಹಿ ಹಾಕಿದ ಪಿ.ಎಲ್. 480 ಕಾಯ್ದೆಯಡಿ ಭಾರತ ರೂಪಾಯಿ ಕೊಟ್ಟೇ ಗೋಧಿ ಕೊಳ್ಳಬಹುದಿತ್ತು. 1965-66ರಲ್ಲಿ ಬರ ಬಿದ್ದಾಗ ಅಧ್ಯಕ್ಷ ಜಾನ್ಸನ್ ವರ್ಷದ ಒಪ್ಪಂದ ಬಿಟ್ಟು ಕೆಲವೇ ತಿಂಗಳಿಗೆ ಸಾಲುವಷ್ಟು ಮಾತ್ರ ಬಿಡುಗಡೆ ಮಾಡತೊಡಗಿದರು. ಕೃಷಿ ಸುಧಾರಿಸಿಕೊಳ್ಳಿ ಎಂಬುದು ಒಂದು ಒತ್ತಡ. ವಿಯೆಟ್ನಾಂ ಮೇಲಿನ ಅಮೆರಿಕದ ಬಾಂಬ್ ದಾಳಿಯನ್ನು ನಾವು ಟೀಕಿಸಿದ್ದು ಅವರ ಇನ್ನೊಂದು ಸಿಟ್ಟು.

ಹಸಿವನ್ನು ಹಿಡಿದು ಬಾಯಿ ಮುಚ್ಚಿಸಲು ಹೊರಟ ನೀತಿ ಮಿತ್ರರನ್ನು ಗಳಿಸಲಾರದು. ನಮ್ಮ ಗೋಧಿ ನಾವೇ ಬೆಳೆಯಲೆಂದು 1966ರಲ್ಲಿ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದರು. ಸ್ವಾಭಿಮಾನಕ್ಕೆ ಆಗ ನೆಲ ಸಿಕ್ಕಿತು.