ಏಕ್ ಮಿನಾರಿನ ನೆರಳು ಮತ್ತು ಏಕಮಾನ ವೃತ್ತ

ಪ್ರಥಮ ಪಿಯುಸಿಯ ಗಣಿತ ಪುಸ್ತಕದಲ್ಲಿ ನಮ್ಮ ಮಕ್ಕಳು ಒಂದು ವೃತ್ತವನ್ನು ಎದುರಿಸುತ್ತಾರೆ. ಅದರ ತ್ರಿಜ್ಯ ಕೇವಲ ಒಂದು. ಅದರ ಸುತ್ತ ಸೈನ್, ಕೊಸೈನ್, ಟ್ಯಾಂಜೆಂಟ್‌ಗಳ ಬೆಲೆಗಳು. ಪರೀಕ್ಷೆಗಾಗಿ ಅವುಗಳನ್ನು ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುವವರೇ ಹೆಚ್ಚು. ದೀನಿನ ವಿದ್ಯೆ ಒಂದು ಕಪಾಟಿನಲ್ಲಿ, ದುನಿಯಾದ ವಿದ್ಯೆ ಇನ್ನೊಂದು ಕಪಾಟಿನಲ್ಲಿ ಎಂದು ನಮ್ಮ ಅನೇಕ ಮನೆಗಳಲ್ಲಿ ವಿಂಗಡಿಸಿಟ್ಟಿರುವುದರಿಂದ, ಈ ವೃತ್ತಕ್ಕೂ ನಮಗೂ ಏನು ಸಂಬಂಧವೆಂದು ಮಕ್ಕಳು ಕೇಳಿದರೆ ಉತ್ತರಿಸಲು ನಾವು ತಡವರಿಸುತ್ತೇವೆ. ಆದರೆ ಅಸ್ರ್ ನಮಾಝಿನ ಸಮಯ ಯಾವಾಗ ಆರಂಭವಾಗುತ್ತದೆ, ಕಿಬ್ಲಾ ಯಾವ ದಿಕ್ಕಿನಲ್ಲಿದೆ ಎಂಬ ಪ್ರಶ್ನೆಗಳ ಹಿಂದೆ ಬಿದ್ದವರ ಕೈಯಲ್ಲಿಯೇ ಈ ವೃತ್ತವು ಬಹುಮಟ್ಟಿಗೆ ಇಂದಿನ ರೂಪ ಪಡೆಯಿತು.

ರಾಯಚೂರು ನಗರದ ಏಕ್ ಮಿನಾರ್ ಕಿ ಮಸೀದಿಯನ್ನೇ ತೆಗೆದುಕೊಳ್ಳೋಣ. ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ, 1513ರಲ್ಲಿ, ನಿರ್ಮಾಣವಾದ ಈ ಮಸೀದಿಯ ಒಂಟಿ ಮಿನಾರು ಸುಮಾರು 65 ಅಡಿ ಎತ್ತರವಿದೆ. ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಅಸ್ರ್ ಸಮಯ ಆರಂಭವೆಂದು ಶಾಫಿಈ ವಿದ್ವಾಂಸರು, ಎರಡು ಪಟ್ಟಾದಾಗ ಎಂದು ಇಮಾಮ್ ಅಬೂ ಹನೀಫಾ ಹೇಳಿದ್ದಾರೆ. ನಡುಹಗಲಿನಲ್ಲಿ ನೆರಳು ಸಂಪೂರ್ಣ ಮಾಯವಾಗುವ ದಿನ ಲೆಕ್ಕ ಸುಲಭ: ಮೊದಲನೆಯ ಅಭಿಪ್ರಾಯದಂತೆ ಮಿನಾರಿನ ನೆರಳು 65 ಅಡಿ, ಎರಡನೆಯದರಂತೆ 130 ಅಡಿ ಆಗಬೇಕು. ಉಳಿದ ದಿನಗಳಲ್ಲಿ ನಡುಹಗಲಿನ ನೆರಳನ್ನೂ ಇದಕ್ಕೆ ಕೂಡಿಸಬೇಕಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಈ ಮಿನಾರಿಗೆ ನಡುಹಗಲಿನಲ್ಲಿಯೇ ಸುಮಾರು 54 ಅಡಿ ನೆರಳಿರುತ್ತದೆ. ಪ್ರತಿದಿನ ಯಾರು ಅಳೆಯುತ್ತಾರೆ? ಮೋಡ ಕವಿದರೆ ಏನು ಮಾಡುವುದು? ಲೆಕ್ಕದ ಅಗತ್ಯ ಬಿದ್ದದ್ದು ಇಲ್ಲಿಯೇ.

ಈಗ ಮಿನಾರಿನ ತುದಿಯನ್ನು ಕೇಂದ್ರವಾಗಿಸಿ, ಅದರ ಎತ್ತರವನ್ನೇ ತ್ರಿಜ್ಯವಾಗಿಸಿ ಒಂದು ವೃತ್ತವನ್ನು ಮನಸ್ಸಿನಲ್ಲಿ ಎಳೆಯೋಣ. ಆ ವೃತ್ತವು ನೆಲವನ್ನು ಮಿನಾರಿನ ಬುಡದಲ್ಲಿ ಮಾತ್ರ ಮುಟ್ಟುತ್ತದೆ. ಹಾಗಾಗಿ ನೆಲವೇ ಅದರ ಸ್ಪರ್ಶರೇಖೆ. ನೆರಳು ಬೀಳುವುದು ಆ ರೇಖೆಯ ಮೇಲೆ. ಸೂರ್ಯನು ನೆತ್ತಿಯಿಂದ 45 ಡಿಗ್ರಿ ಜಾರಿದಾಗ ನೆರಳು ಎತ್ತರದ ಒಂದು ಪಟ್ಟು, ಸುಮಾರು 63.4 ಡಿಗ್ರಿ ಜಾರಿದಾಗ ಎರಡು ಪಟ್ಟು. ಪಠ್ಯಪುಸ್ತಕವು ಟ್ಯಾಂಜೆಂಟ್ ಎನ್ನುವುದು ಇದನ್ನೇ. ಅರಬಿಯಲ್ಲಿ ಅದರ ಹೆಸರು ‘ಝಿಲ್ಲ್’, ಅಂದರೆ ನೆರಳು. 9ನೇ ಶತಮಾನದಲ್ಲಿ ಬಗ್ದಾದಿನ ಹಬಶ್ ಅಲ್-ಹಾಸಿಬ್ ನೆರಳುಗಳ ಕೋಷ್ಟಕವನ್ನೇ ಸಿದ್ಧಪಡಿಸಿದ್ದರು.

ಸೈನ್‌ನ ಕಥೆ ಇನ್ನೂ ಸ್ವಾರಸ್ಯಕರ, ಮತ್ತು ಅದು ನಮ್ಮ ದೇಶದಿಂದಲೇ ಆರಂಭವಾಗುತ್ತದೆ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟರು ವೃತ್ತದ ಅರ್ಧಜ್ಯಾಗಳ ಕೋಷ್ಟಕ ನೀಡಿದರು. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದಕ್ಕೆ ಜೀವಾ ಎಂಬ ಹೆಸರೂ ಇತ್ತು. ಬಗ್ದಾದಿನ ವಿದ್ವಾಂಸರು ಅದನ್ನು ‘ಜೀಬ’ ಎಂದು ಬರೆದುಕೊಂಡರು. ಸ್ವರಚಿಹ್ನೆಗಳಿಲ್ಲದ ಬರಹದಲ್ಲಿ ಅದು ‘ಜೈಬ್’ ಎಂದು ಓದಲ್ಪಟ್ಟಿತು. ಜೈಬ್ ಎಂದರೆ ಉಡುಪಿನ ಎದೆಯ ತೆರಪು; ಸೂರಃ ಅನ್ನೂರ್‌ನಲ್ಲಿ ಬರುವ ‘ಜುಯೂಬ್’ ಅದರ ಬಹುವಚನ. 12ನೇ ಶತಮಾನದ ಲ್ಯಾಟಿನ್ ಅನುವಾದಕರು ಅದೇ ಅರ್ಥದ ‘ಸೈನಸ್’ ಎಂಬ ಪದವನ್ನಿಟ್ಟರು; ಸೈನ್ ಹುಟ್ಟಿತು. ನಾವು ಕನ್ನಡದಲ್ಲಿ ದಿನನಿತ್ಯ ಬಳಸುವ ‘ಜೇಬು’ ಕೂಡ ಅದೇ ಅರಬಿ ಪದ. ಮಕ್ಕಳು ಕಠಿಣವೆಂದು ಹೆದರುವ ಪದವು ಅವರ ಅಂಗಿಯಲ್ಲಿಯೇ ಇದೆ!

ಇನ್ನು ತ್ರಿಜ್ಯ ಒಂದೇ ಏಕೆ? ಗ್ರೀಕರ ಟಾಲೆಮಿ ಅದನ್ನು 60 ಎಂದು, ಆರ್ಯಭಟರು 3438 ಎಂದು ಹಿಡಿದಿದ್ದರು. ಒಬ್ಬರ ಕೋಷ್ಟಕವನ್ನು ಇನ್ನೊಬ್ಬರ ಲೆಕ್ಕಕ್ಕೆ ತರಬೇಕಾದರೆ ಪ್ರತಿಸಲವೂ ಗುಣಿಸಿ ಭಾಗಿಸಬೇಕಿತ್ತು. 10ನೇ ಶತಮಾನದಲ್ಲಿ ಅಬುಲ್ ವಫಾ ಅಲ್-ಬೂಝ್ಜಾನಿ, ಅವರ ನಂತರ ಅಬೂ ರೈಹಾನ್ ಅಲ್-ಬಿರೂನಿ (973–1048) ತ್ರಿಜ್ಯವನ್ನು ಒಂದು ಎಂದು ಹಿಡಿದರು. ಮಿನಾರು 65 ಅಡಿಯಿರಲಿ, ಅಂಗಳದಲ್ಲಿ ನೆಟ್ಟ ಕೋಲು ಒಂದು ಗೇಣಿರಲಿ, ಅದರ ಎತ್ತರ ಒಂದು ಎಂದು ಹಿಡಿದರೆ ಎರಡಕ್ಕೂ ಒಂದೇ ಸಂಖ್ಯೆ ಸಾಕು. ಏಕಮಾನ ವೃತ್ತದ ಗುಟ್ಟು ಇಷ್ಟೇ.

ಭಾರತದ ಕುರಿತು ಮಹಾಗ್ರಂಥ ಬರೆದ ಅದೇ ಅಲ್-ಬಿರೂನಿ, ನೆರಳುಗಳ ಬಗ್ಗೆಯೂ ಪ್ರತ್ಯೇಕ ಗ್ರಂಥ ರಚಿಸಿದರು. ಗಝ್ನಿಯಿಂದ ಕಿಬ್ಲಾದ ದಿಕ್ಕನ್ನು ತ್ರಿಕೋನಮಿತಿಯಿಂದ ಗಣಿಸಿದರು. ಅದೇ ಗಣನೆಯನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರೂ ಕಡೆಗಳಿಂದ ಕಿಬ್ಲಾವು ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಉತ್ತರಕ್ಕೆ 14 ಡಿಗ್ರಿಗಳ ಆಸುಪಾಸು. ಭೂಮಿಯ ದುಂಡಗಿನ ಆಕಾರವನ್ನು ಮರೆತು ಚಪ್ಪಟೆ ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಎಂಟೊಂಬತ್ತು ಡಿಗ್ರಿ ಮಾತ್ರ ಸಿಗುತ್ತದೆ. (ಅಲ್ಪ ವಾಲಿಕೆಯಿಂದ ನಮಾಝ್ ಅಸಿಂಧುವಾಗದೆಂದು ಫಿಕ್ಹ್ ವಿದ್ವಾಂಸರು ಹೇಳಿರುವಾಗ, ಹಳೆಯ ಮಸೀದಿಗಳ ಬಗ್ಗೆ ಜಗಳ ಹೂಡುವುದು ಅನಗತ್ಯವೆಂದು ನಮ್ಮ ಅಭಿಪ್ರಾಯ.)

ಈ ವಿದ್ಯೆ ದಖ್ಖನಿಗೂ ಬಂದಿತ್ತು. ಮುದ್ಗಲ್ ಸೀಮೆಗಾಗಿ ವಿಜಯನಗರದೊಡನೆ ಕಾದಾಡಿದ ಫಿರೋಝ್ ಶಾಹ್ ಬಹಮನಿಯನ್ನು ನಾವು ಯುದ್ಧಗಳಿಂದ ಮಾತ್ರ ನೆನೆಯುತ್ತೇವೆ. ಆತ 1407ರಲ್ಲಿ ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯವನ್ನು ಕಟ್ಟಿಸಲು ಆರಂಭಿಸಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಅದರ ಹೊಣೆ ಹೊತ್ತಿದ್ದ ಹಕೀಂ ಹಸನ್ ಗೀಲಾನಿಯವರ ಮರಣದಿಂದ ಕೆಲಸ ಅರ್ಧಕ್ಕೇ ನಿಂತಿತು. 1472ರಲ್ಲಿ ಮಹಮೂದ್ ಗವಾನರು ಬೀದರಿನಲ್ಲಿ ಮದ್ರಸವನ್ನು ಸ್ಥಾಪಿಸಿದರು. ದೀನಿನ ವಿದ್ಯೆಯೊಡನೆ ಗಣಿತ, ಖಗೋಳಗಳನ್ನೂ ಕಲಿಸುತ್ತಿದ್ದ ಆ ಅಂಗಳದಲ್ಲಿ ಕಪಾಟುಗಳು ಎರಡಾಗಿರಲಿಲ್ಲ.

ಇಂದು ಮಸೀದಿಯ ಗೋಡೆಯಲ್ಲಿ ತೂಗುವ ಸಮಯಪಟ್ಟಿಯೂ ಈ ವೃತ್ತದಿಂದಲೇ ಬಂದದ್ದು. ಮೇ 5ರ ಸುಮಾರಿಗೆ ರಾಯಚೂರಿನಲ್ಲಿ ಸೂರ್ಯನು ನೆತ್ತಿಗೆ ಬರುವುದು ಮಧ್ಯಾಹ್ನ ಸುಮಾರು 12.17ಕ್ಕೆ. ನೆರಳು ಒಂದು ಪಟ್ಟಾಗುವುದು 3.25ರ ಹೊತ್ತಿಗೆ, ಎರಡು ಪಟ್ಟಾಗುವುದು 4.43ರ ಹೊತ್ತಿಗೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ; ಆದ್ದರಿಂದ ಪಶ್ಚಿಮಕ್ಕಿರುವ ಮಾನ್ವಿಯಲ್ಲಿ ಸೂರ್ಯನು ನೆತ್ತಿಗೇರುವುದು ಒಂದು ನಿಮಿಷಕ್ಕಿಂತ ತುಸು ತಡ, ದೇವದುರ್ಗದಲ್ಲಿ ಎರಡು ನಿಮಿಷಕ್ಕೆ ಸಮೀಪ. ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲಿನ ನೆರಳು ಮಾಯವಾಗುವುದು ಮೊದಲು ಮಾನ್ವಿಯಲ್ಲಿ, ಅನಂತರ ರಾಯಚೂರಿನಲ್ಲಿ, ಕೊನೆಗೆ ದೇವದುರ್ಗದಲ್ಲಿ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಸೂರ್ಯನು ಮರಳಿ ದಕ್ಷಿಣಕ್ಕೆ ಸರಿಯುವಾಗ ಈ ಕ್ರಮ ತಿರುವುಮುರುವಾಗುತ್ತದೆ. ರಜೆಯಲ್ಲಿರುವ ಮಕ್ಕಳು ಅಂಗಳದಲ್ಲಿ ಒಂದು ಕೋಲು ನೆಟ್ಟು ಇದನ್ನು ತಾವೇ ನೋಡಬಹುದು.